ಯಾನ್ತಾಕಿನ ಸರದಿ ನೀರು

ದೂರದಿಂದ ನಮ್ಮನ್ನಾಳುತ್ತಿದ್ದ ಬಿಳಿ ಬಾದಶಹ ತನ್ನ ಯುದ್ಧಕ್ಕೆ ಕಂದಕ ತೋಡಲು ನಮ್ಮ ಗಂಡಸರನ್ನು ಪಟ್ಟಿ ಮಾಡಿ ಕೇಳಿದ ಬೇಸಿಗೆ ಅದು. ಪಟ್ಟಿ ಹಿಡಿದು ಬಂದವನನ್ನು ಓಡಿಸಿ, ಸುತ್ತಲ ಒಂಬತ್ತು ಹಳ್ಳಿಯ ರೈತರನ್ನು ಎಬ್ಬಿಸಿದವನು ನೋರ್ಮತ್. ಅವನೇನು ಸರದಾರನಲ್ಲ, ನಮ್ಮ ಕಾಲುವೆಯ ನೀರುಗಂಟಿ. ಇಪ್ಪತ್ತು ವರ್ಷದಲ್ಲಿ ಯಾರಿಗೂ ಸರದಿ ತಪ್ಪಿಸಿ ಒಂದು ಬೊಗಸೆ ನೀರು ಬಿಟ್ಟವನಲ್ಲ. ಜನ ಅವನನ್ನು ನಂಬಿದ್ದು ಅದಕ್ಕೇ. ನನ್ನ ಗಂಡ ಯುಲ್ದಾಶನೂ ಗುದ್ದಲಿ ಹೆಗಲಿಗೇರಿಸಿ ಅವನ ಹಿಂದೆ ಹೋಗಿ ಕೋಕ್‌ತೆಪೆ ಗುಡ್ಡದ ಮೇಲೆ ಕೂತಿದ್ದ.

ಆ ಗುರುವಾರ ಬೆಳಿಗ್ಗೆ ನೋರ್ಮತ್ ಒಬ್ಬನೇ ನಡೆದು ನಮ್ಮ ಹಳ್ಳಿ ಯಾನ್ತಾಕಿಗೆ ಬಂದ. ಬಾಯಾರಿ ತುಟಿ ಒಡೆದಿತ್ತು. ಹಿಪ್ಪುನೇರಳೆ ಮರದ ಕೆಳಗೆ ಕೂತಿದ್ದ ಊರ ಹಿರಿಯ ತಿಲೋವ್ ತಾತನ ಮುಂದೆ ಎದೆಗೆ ಕೈಯಿಟ್ಟು ನಿಂತ.

“ತಾತ, ಮಧ್ಯಾಹ್ನದೊಳಗೆ ಸಿಪಾಯಿಗಳು ಫಿರಂಗಿ ಎಳ್ಕೊಂಡು ಬರ್ತಾರೆ. ನಿಮ್ಮ ಹೊಲದ ಪಕ್ಕದ ತಗ್ಗು ಬಿಟ್ರೆ ಗುಡ್ಡಕ್ಕೆ ಬೇರೆ ದಾರಿಯಿಲ್ಲ. ನೀರು ತಗ್ಗಿಗೆ ತಿರುಗ್ಸಿದ್ರೆ ಗಾಡಿ ಕೆಸರಲ್ಲಿ ಹೂತ್ಕೊಳ್ಳುತ್ತೆ. ಇವತ್ತು ನಿಮ್ಮ ಸರದಿ. ಕೊಡಿ.”

“ಹನ್ನೊಂದು ದಿನ ಆದ್ಮೇಲೆ ಬಂದಿರೋ ಸರದಿ,” ಎಂದ ತಾತ. “ಹೋದ ವರ್ಷ ನಾನು ಅರ್ಧ ಗಳಿಗೆ ಜಾಸ್ತಿ ಕೇಳಿದ್ದಕ್ಕೆ ನೀನು ಏನಂದೆ? ‘ಬಾದಶಹನೇ ಬಂದ್ರೂ ಸರದಿ ಸರದೀನೇ’ ಅಂತ ತೂಬಿನ ಮೇಲೆ ಕೂತ್ಕೊಂಡೆ. ಈಗ ಬಾದಶಹನೇ ಬರ್ತಿದಾನೆ, ಕೂತ್ಕೋ!”

ಸುತ್ತ ನೆರೆದಿದ್ದ ಊರವರೆಲ್ಲ ನಕ್ಕರು. ನಾನೂ ನಕ್ಕೆ. ನನ್ನ ನಾಲಿಗೆಗೆ ಬೆಂಕಿ ಬೀಳಲಿ, ಅಷ್ಟಕ್ಕೇ ಸುಮ್ಮನಾಗಲಿಲ್ಲ.

“ಮೊದ್ಲು ನನ್ನ ಜೋಳ ಕುಡೀಲಿ, ಅಣ್ಣ. ಗಂಡನ್ನಂತೂ ನಿಂಗೆ ಕೊಟ್ಟಾಗಿದೆ. ಚಳಿಗಾಲದಲ್ಲಿ ಮಕ್ಳಿಗೆ ನಿನ್ನ ಬಂಡಾಯ ಬೇಯ್ಸಿ ಹಾಕ್ಲಾ?”

“ಆ ಗಂಡನ ತಲೆ ಮೇಲೇ ಗುಂಡು ಬೀಳೋದು, ಹೊಸಿಯತ್,” ಎಂದ ನೋರ್ಮತ್.

“ಸಾಯಂಕಾಲ ಕೊಡ್ತೀವಿ, ಹೋಗು,” ಎಂದ ತಾತ. “ಸರ್ಕಾರದೋರು ಯಾವತ್ತು ಹೇಳಿದ ಹೊತ್ತಿಗೆ ಬಂದಿದಾರೆ?”

ತೂಬಿನ ಬಳಿ ಅವನ ಅರವತ್ತು ಜನ ಕಾಯುತ್ತಿದ್ದರು. ಕಾಲುವೆ ಒಡೆದುಬಿಡೋಣ ಎಂದರಂತೆ. “ಕದ್ದ ನೀರಲ್ಲಿ ಗೆದ್ರೆ ನಾಳೆ ನನ್ನ ಮಾತು ಯಾರು ಕೇಳ್ತಾರೆ?” ಎಂದು ನೋರ್ಮತ್ ಅವರನ್ನು ಗುಡ್ಡಕ್ಕೆ ಕರೆದುಕೊಂಡು ಹೋದ. ಆ ಹಾಳು ನ್ಯಾಯಕ್ಕೆ ಇವತ್ತಿಗೂ ಶಾಪ ಹಾಕುತ್ತೇನೆ. ನಮ್ಮ ಕಪಾಳಕ್ಕೆ ನಾಲ್ಕು ಬಾರಿಸಿ ಕಾಲುವೆ ಒಡೆಯಬೇಕಿತ್ತು ಅವನು.

ನೀರು ನನ್ನ ಹೊಲಕ್ಕೆ ಬಂತು. ಸುರುಟಿಕೊಂಡಿದ್ದ ಎಲೆಗಳು ಬಿಚ್ಚಿಕೊಳ್ಳುತ್ತಿದ್ದವು. ಕೆಸರಲ್ಲಿ ನಿಂತು ಬದು ಕಟ್ಟುತ್ತಿದ್ದಾಗ ತಗ್ಗಿನ ಕಡೆ ಧೂಳೆದ್ದಿತು. ಹೇಳಿದ ಹೊತ್ತಿಗೇ ಬಂದಿದ್ದರು. ಊರಿಗೆ ಊರೇ ಓಡಿ ಕಾಲುವೆಯ ಏರಿ ಒಡೆಯಿತು, ತಿಲೋವ್ ತಾತ ಬರಿಗೈಯಲ್ಲೇ ಮಣ್ಣು ಬಗೆದ. ನೀರು ತಗ್ಗು ಮುಟ್ಟುವಷ್ಟರಲ್ಲಿ ಫಿರಂಗಿಗಳು ದಾಟಿಯಾಗಿತ್ತು. ಆಮೇಲೆ ಗುಡ್ಡದ ಮೇಲೆ ಸದ್ದು ಶುರುವಾಯಿತು. ಎಷ್ಟು ಹೊತ್ತು ನಡೆಯಿತೋ ಹೇಳಲಾರೆ.

ಹೊತ್ತು ಮುಳುಗುವ ಮೊದಲು ಸಿಪಾಯಿಗಳು ನೋರ್ಮತನನ್ನೂ ಇನ್ನೂ ಹದಿನಾಲ್ಕು ಜನರನ್ನೂ ಒಂದೇ ಹಗ್ಗಕ್ಕೆ ಕಟ್ಟಿ ಅದೇ ದಾರಿಯಲ್ಲಿ ತಂದರು. ತಗ್ಗಿನಲ್ಲಿ ಮೊಣಕಾಲುದ್ದ ನೀರು ಕಂಡು ಅವನು ನಿಂತುಬಿಟ್ಟ.

“ಇದು ಯಾರ ಸರದಿ ನೀರು?”

“ನಮ್ದೇ ಕಣಪ್ಪಾ. ಕೊಟ್ವಿ,” ಎಂದು ತಾತ ಅತ್ತ.

ನೋರ್ಮತ್ ಸರಿ ಎಂಬಂತೆ ತಲೆಯಾಡಿಸಿದ. ಸಿಪಾಯಿ ಹಗ್ಗ ಜಗ್ಗಿದ. ನಾನು ಆ ನೀರಲ್ಲೇ ಹಗ್ಗದುದ್ದಕ್ಕೂ ಒಬ್ಬೊಬ್ಬರ ಮುಖ ನೋಡುತ್ತಾ ಓಡಿದೆ. ಯುಲ್ದಾಶ್ ಇರಲಿಲ್ಲ. ಮತ್ತೆ ಮೊದಲಿನಿಂದ ನೋಡಿದೆ.