ತಂಪು ಜಾಗ

“ಮಲಿ ಕೊಡಾಕ ಬಂದೀಯೋ, ಮಣ್ಣ ಹೊರಾಕ ಬಂದೀಯೋ? ಏಳಲೇ ಬೋಸುಡಿ.”

ಮೇಸ್ತ್ರಿ ಪಾಲಯ್ಯ ಬುಟ್ಟಿಯನ್ನು ಒದ್ದ. ದುರುಗಮ್ಮ ಮಗುವಿನ ಬಾಯಿಂದ ಮೊಲೆ ಬಿಡಿಸಿ, ಸೆರಗು ಎಳೆದುಕೊಂಡು ಎದ್ದಳು. ಅಂಬಿ ಅಳಲಿಲ್ಲ. ಎರಡು ವರ್ಷದ ಹುಡುಗಿ, ಅತ್ತರೆ ಏನೂ ಸಿಗುವುದಿಲ್ಲ ಎಂಬುದನ್ನು ಆಗಲೇ ಕಲಿತಿದ್ದಳು.

ವಿಲಾಯಿತಿ ರಾಣಿಯ ಪಟ್ಟಕ್ಕೆ ಐವತ್ತು ತುಂಬಿದ ವರ್ಷ. ಬಳ್ಳಾರಿ ಕೋಟೆಗುಡ್ಡದ ಕೆಳಗೆ ಊರಿಗೆಲ್ಲ ಎಂದು ಒಂದು ತೋಟ ಮಾಡುತ್ತಿದ್ದರು. ಕೊಳಗಲ್ಲಿನ ಹೊಲಗೇರಿಯ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಮಣ್ಣು ಹೊರಲು ಬರುತ್ತಿದ್ದರು. ಹೋದ ಬೇಸಿಗೆ ಕುಡತಿನಿ ರಸ್ತೆಯ ಕೆಲಸದಲ್ಲಿ ದುರುಗಮ್ಮನ ಹಿರಿಮಗ ಬಿಸಿಲಿಗೆ ಬಿದ್ದವನು ಮತ್ತೆ ಏಳಲಿಲ್ಲ. ಅಂದಿನಿಂದ ಅವಳು ಎಲ್ಲಿಗೆ ಹೋದರೂ ಮೊದಲು ನೆರಳು ಹುಡುಕುವಳು.

ಒಂದು ಮುಂಜಾನೆ ಗುಮಾಸ್ತ ಮಧುಸೂದನರಾಯರು ಬಂದರು. ದೂರದಲ್ಲೇ ನಿಂತು ಮಕ್ಕಳ ಕಡೆ ಬೆಲ್ಲದ ಚೂರು ಎಸೆದರು.

“ಪಾಲಯ್ಯ, ಇವತ್ತು ಈ ಹುಡುಗರನ್ನ ಗದರಿಸಬ್ಯಾಡ. ಎಲ್ಲಿ ಬೇಕೋ ಅಲ್ಲಿ ಆಡಲಿ.”

“ನಮ್ಮ ಹುಡುಗ್ರಿಗೂ ಒಂದು ಜಾಗ ಕೊಡತಾರ ಕಾಣತೈತಿ,” ಎಂದಳು ಗಿಡ್ಡಮ್ಮ, ದುರುಗಮ್ಮನ ಜೋಡಿ ಬುಟ್ಟಿ ಹೊರುವವಳು.

“ನಾಳಿ ಕುರ್ಚಿನೂ ಹಾಕತಾರ ತಗೋ,” ಎಂದು ಯಾರೋ ನಕ್ಕರು.

ಬಿಸಿಲೇರಿದಂತೆ ಮಕ್ಕಳು ಹೊಸ ಸಸಿಗಳ ಬದಿ ಬಿಟ್ಟು ಒಂದೊಂದಾಗಿ ಎರಡು ದೊಡ್ಡ ಬಂಡೆಗಳ ನಡುವೆ ಸೇರಿದವು. ಮಟಮಟ ಮಧ್ಯಾಹ್ನವೂ ಅಲ್ಲಿ ನೆರಳು, ಗಾಳಿ. ರಾಯರು ಕೊಡೆ ಹಿಡಿದು ನೋಡುತ್ತಲೇ ಇದ್ದರು. ದುರುಗಮ್ಮನಿಗೆ ಧೈರ್ಯ ಬಂತು.

“ಭಾಳ ಚಲೋ ಜಾಗರೀ ಅದು, ಸ್ವಾಮೇರ. ಹಾವು ಚೇಳು ಏನೂ ಇಲ್ಲ. ನನ್ನ ಕೂಸು ದಿನಾ ಅಲ್ಲೇ ಮಲಗತೈತ್ರೀ.”

“ಹೌದೇನು?” ಎಂದರು ರಾಯರು. ಅವರು ಅವಳೊಡನೆ ಆಡಿದ್ದು ಅದೊಂದೇ ಮಾತು.

ಮರುದಿನ ಬಂಡೆಗಳ ಸುತ್ತ ಜಾಲಿಮುಳ್ಳಿನ ಬೇಲಿ ಬಿತ್ತು. ಮುಳ್ಳು ಹೊತ್ತು ತಂದವರು ಆ ಹೆಂಗಸರೇ.

“ದೊರಿಸಾನಿ ತನ್ನ ಹುಡುಗ್ರು, ವಕೀಲರ ಹುಡುಗ್ರು ಆಡಾಕ ತಂಪ ಜಾಗ ಹುಡುಕ್ರಿ ಅಂದಿದ್ದಳು,” ಎಂದು ಪಾಲಯ್ಯ ಹಲ್ಲು ಕಿರಿದ. “ಮನಿ ಕಟ್ಟಾಕ ಆಕಳ ಬಿಟ್ಟು ನೋಡಂಗಿಲ್ಲೇನು, ಎಲ್ಲಿ ಮಲಗತೈತಿ ಅಂತ? ರಾಯರ ತಲಿ ನೋಡು.”

“ಆಕಳಾಗಿದ್ರ ಕುಂಕುಮ ಹಚ್ಚಿ ಕೈ ಮುಗೀತಿದ್ರಿ,” ಎಂದಳು ದುರುಗಮ್ಮ. “ನಮ್ಮವು ಎಲ್ಲಿರಬೇಕು?”

“ಸುಣ್ಣದ ಗೂಡಿನ ಕಡಿ ಬಿಡ್ರಿ. ಬೇಕಾದಷ್ಟು ಜಾಗ ಐತಿ.”

ಜಾಗವೇನೋ ಇತ್ತು. ಒಂದು ಗಿಡವಿರಲಿಲ್ಲ.

ಅಂಬಿ ಬೇಲಿಯ ಕಿಂಡಿಯಲ್ಲಿ ತೆವಳಿ ಮತ್ತೆ ಬಂಡೆಯ ಬಳಿ ಹೋಗುವಳು. ಕಾವಲುಗಾರ ಕೋಲಿನ ತುದಿಯಿಂದ, ನಾಯಿಮರಿಯನ್ನು ದಬ್ಬಿದಂತೆ, ಹೊರಗೆ ದಬ್ಬುವನು. ಮೊಣಕಾಲ ತುಂಬ ಗೀರು, ಮುರಿದ ಮುಳ್ಳು.

“ಸಂಜಿಗಿ ದೊರಿ ನೋಡಾಕ ಬರತಾನ. ನಿನ್ನ ಕೂಸು ಮಾಡಿದ ಕಿಂಡಿ, ನೀನೇ ಮುಚ್ಚು,” ಎಂದ ಪಾಲಯ್ಯ ಒಂದು ದಿನ. “ಮೊದಲು ಈ ಗುಡ್ಡಿ ಮಣ್ಣು ಖಾಲಿ ಮಾಡು.”

ಮಣ್ಣು ಖಾಲಿಯಾಗಿ ಅವಳು ಸುಣ್ಣದ ಗೂಡಿನ ಕಡೆ ಹೋದಾಗ ಅಂಬಿಯ ಮೈ ಹೆಂಚಿನಂತೆ ಕಾದಿತ್ತು. ಒಂದು ಹನಿ ಬೆವರಿರಲಿಲ್ಲ. ತುಟಿಗೆ ನೀರು ಬಿಟ್ಟಳು. ನೀರು ಬಾಯಿಯ ಬದಿಯಿಂದ ಕಿವಿಯ ಕಡೆ ಹರಿಯಿತು. ಗಿಡ್ಡಮ್ಮ ಮಗುವಿನ ಮೂಗಿನ ಹತ್ತಿರ ಬೆರಳಿಟ್ಟು ನೋಡಿದಳು. ಸೆರಗನ್ನು ಬಾಯಿಗೆ ತುರುಕಿಕೊಂಡಳು.

ದುರುಗಮ್ಮ ಮಗುವನ್ನು ಹೆಗಲಿಗೆ ಹಾಕಿಕೊಂಡು, ಇನ್ನೊಂದು ಕೈಯಲ್ಲಿ ಜಾಲಿಯ ಕೊಂಬೆ ಎಳೆಯುತ್ತ ನಡೆದಳು. ಬಗ್ಗಿ ಕಿಂಡಿಯೊಳಗೆ ನುಗ್ಗಿದಳು. ಒಳಗಿನಿಂದ ಕೊಂಬೆ ಎಳೆದು ಕಿಂಡಿ ಮುಚ್ಚಿದಳು.

ರಾಯರು ಓಡಿ ಬಂದರು. “ದೊರಿ ಬರೋ ಹೊತ್ತಾತು. ಆ ಹೊಲತೀನ ಎಳದು ಹಾಕ್ರಿ ಹೊರಗ.”

ಗಿಡ್ಡಮ್ಮ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕುಳಿತಳು. “ನೀವೇ ಎಳೀರಿ, ಸ್ವಾಮೇರ.”

ಒಬ್ಬ ಹೆಂಗಸೂ ಅಲುಗಲಿಲ್ಲ. ಪಾಲಯ್ಯ ರಾಯರ ಮುಖ ನೋಡಿದ; ರಾಯರು ಅವನ ಮುಖ ನೋಡಿದರು. ಮುಟ್ಟುವವರು ಯಾರು? ರಸ್ತೆಯಲ್ಲಿ ಸಾರೋಟಿನ ಸದ್ದು ಕೇಳಿಸಿತು.

ಒಳಗೆ, ನೆರಳಿನಲ್ಲಿ, ದುರುಗಮ್ಮ ಮಗುವಿನ ಮೊಣಕಾಲಿಂದ ಒಂದೊಂದೇ ಮುಳ್ಳು ಕೀಳುತ್ತಿದ್ದಳು.

“ಮಲಕ್ಕೊ ನನ್ನವ್ವ,” ಎಂದಳು. “ಇನ್ನ ಯಾವನೂ ದಬ್ಬಂಗಿಲ್ಲ.”