ಉಸಿರಿನ ಸರದಿ

ಫೋನು ಬಂದಾಗ ಡ್ರೈವರ್ ಬಲಗೆನ್ನೆ ಬೋಳಿಸಿ ಮುಗಿಸಿ ಎಡಗೆನ್ನೆಗೆ ಸೋಪು ಹಚ್ಚುತ್ತಿದ್ದ. ಅಕ್ಕನ ದನಿ. "ನಿಮ್ಮ ಭಾವ ಏಳ್ತಿಲ್ಲ ಕಣೋ," ಎಂದಳು. ಅವನು ಟವಲಿನಲ್ಲಿ ಮುಖ ಒರೆಸಿಕೊಂಡು, ಕೈಗೆ ಸಿಕ್ಕಿದ ಅಂಗಿ ತೊಟ್ಟು ಹೊರಟ. ಆಯುಷ್ಯವೆಲ್ಲ ಬಸ್ಸು ಓಡಿಸಿ ನಿವೃತ್ತನಾದವನು ಅಕ್ಕನ ಮನೆವರೆಗಿನ ಎರಡು ಬೀದಿ ನಡೆಯುವಷ್ಟರಲ್ಲಿ ಏದುಸಿರು ಬಿಡುತ್ತಿದ್ದ.

ಡಾಕ್ಟರು ಆಗಲೇ ಬಂದು ಹೋಗಿದ್ದರು. ಭಾವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಊರವರ ಗೋಡೆಗಳಿಗೆ ಬಣ್ಣ ಬಳಿದೇ ಬದುಕಿದವರು, ಸುಣ್ಣ ಕಾಣದ ತಮ್ಮ ಮನೆಯ ಗೋಡೆಯನ್ನು ನೋಡುತ್ತ ಹೋಗಿದ್ದರು.

ಅಕ್ಕ ತಮ್ಮನ ಮುಖ ನೋಡಿದಳು.

"ಇದೇನೋ ಇದು, ಅರ್ಧ ಮುಖ?"

"ಹಂಗೇ ಬಂದುಬಿಟ್ಟೆ."

"ಇನ್ನು ಜನ ಬರ್ತಾರೆ. ಬಚ್ಚಲಲ್ಲಿ ಅವರ ರೇಜರ್ ಇದೆ. ಹೋಗು, ಪೂರ್ತಿ ಮಾಡ್ಕೊಂಡು ಬಾ."

ಬಚ್ಚಲಿನ ಮೊಳೆಗೆ ಭಾವನ ಕೆಲಸದ ಅಂಗಿ ನೇತಾಡುತ್ತಿತ್ತು. ಅದರ ಮೂಲ ಬಣ್ಣ ಯಾವುದೆಂದು ಹೇಳುವುದು ಅದನ್ನು ಹೊಲಿದ ದರ್ಜಿಯಿಂದಲೂ ಆಗುತ್ತಿರಲಿಲ್ಲ. ಅವನು ಸತ್ತವರ ರೇಜರಿನಲ್ಲಿ ಎಡಗೆನ್ನೆ ಬೋಳಿಸಿಕೊಂಡು ಹೊರಗೆ ಬಂದ.

"ನಾಳೆ ಚರ್ಚಲ್ಲಿ ಆ ಲ್ಯಾಟಿನ್ ಹಾಡು ಹಾಡ್ಬೇಕು," ಎಂದಳು ಅಕ್ಕ.

"ಹೆಂಗಕ್ಕ ಆಗತ್ತೆ? ಕೆಳದನಿಗೆ ಇದ್ದಿದ್ದೇ ನಾನು, ಭಾವ ಇಬ್ಬರು. ಆ ಕೊನೇ ಸ್ವರ ಒಬ್ಬನ ಉಸಿರಿಗೆ ನಿಲ್ಲಲ್ಲ. ಭಾವನ ಪೆಟ್ಟಿಗೆ ಮುಂದೆ ಅರ್ಧಕ್ಕೆ ಕಡಿದುಹೋದ್ರೆ ನಾನು ಮುಖ ಎಲ್ಲಿಡ್ಲಿ? ನಮ್ಮ ಭಾಷೇದೇ ಯಾವುದಾದ್ರೂ ಹಾಡಿಸೋಣ."

ಅಕ್ಕ ದಿಂಬಿನ ಕವರು ಬಿಚ್ಚುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಎರಡು ಮೂರು ವರ್ಷದಿಂದ ನೀನೊಬ್ಬನೇ ಕಣೋ ಹಾಡ್ತಿರೋದು. ಅವರು ಬರೀ ಬಾಯಿ ಆಡಿಸ್ತಿದ್ರು."

"ಯಾರು?"

"ಇನ್ಯಾರು? ಹಳೇ ಬಣ್ಣ ಉಜ್ಜಿ ಉಜ್ಜಿ, ಆ ಧೂಳು ಕುಡಿದು, ಎದೇಲಿ ಏನೂ ಉಳಿದಿರಲಿಲ್ಲ. ಚರ್ಚಿನ ಅಟ್ಟದ ಮೆಟ್ಟಿಲು ಹತ್ತೋದ್ರಲ್ಲೇ ಉಸಿರು ಮುಗೀತಿತ್ತು. 'ನಿನ್ನ ತಮ್ಮನಿಗೆ ಹೇಳ್ಬೇಡ. ಹೇಳಿದ್ರೆ ಹೆದರ್ಕೊಂಡು ನಿಲ್ಲಿಸಿಬಿಡ್ತಾನೆ' ಅಂದಿದ್ರು."

"ಮತ್ತೆ ನಾನು ಉಸಿರು ತಗೊಳ್ಳೋವಾಗ ಸ್ವರ ಯಾರು ಹಿಡೀತಿದ್ದಿದ್ದು?"

"ಚರ್ಚಿನ ಚಾವಣಿಯಂತೆ. 'ಅದು ನಾನೇ ಬಳಿದಿರೋ ಚಾವಣಿ. ಒಂದು ಉಸಿರಿನಷ್ಟು ದನಿ ಹಿಡ್ಕೊಳತ್ತೆ, ಆಮೇಲೆ ಬಿಡತ್ತೆ' ಅಂತಿದ್ರು."

* * *

ಆ ಹಾಡು ಕಲಿಸಿದವರು ಹಳೆಯ ಫಾದರ್. ಲ್ಯಾಟಿನ್ ಪೂಜೆ ನಿಂತುಹೋದ ಮೇಲೂ ಅವರು ಅದೊಂದನ್ನು ಸತ್ತವರಿಗೆಂದು ಉಳಿಸಿಕೊಂಡಿದ್ದರು. ನಾಲ್ಕು ದನಿಗಳ ಹಾಡು, ವಾದ್ಯವಿಲ್ಲ. ಕೊನೆಯಲ್ಲಿ ಮೇಲಿನ ಮೂರು ದನಿಗಳೂ ಒಂದೊಂದಾಗಿ ನಿಲ್ಲುತ್ತವೆ, ಕೆಳದನಿ ಮಾತ್ರ ಉಳಿಯುತ್ತದೆ. 'ರೆಕ್ವಿಯೆಸ್ಕಾತ್ ಇನ್ ಪಾಚೆ': ಶಾಂತಿಯಲ್ಲಿ ವಿರಮಿಸಲಿ. ಅದರ 'ಪಾ' ಮುಗಿಯುವುದೇ ಇಲ್ಲವೇನೋ ಎನ್ನುವಷ್ಟು ಉದ್ದ. 'ಚೆ' ಬರುವುದು ಆಮೇಲೆ.

"ಒಬ್ಬ ಉಸಿರು ತಗೊಳ್ಳೋವಾಗ ಇನ್ನೊಬ್ಬ ಹಿಡಿದಿರಬೇಕು," ಎಂದಿದ್ದರು ಫಾದರ್. "ಕೆಳಗೆ ಕೂತೋರಿಗೆ ಒಬ್ಬನೇ ಮನುಷ್ಯ ಹಾಡಿದ ಹಾಗೆ ಕೇಳಬೇಕು. ಉಸಿರೇ ಮುಗಿಯದ ಮನುಷ್ಯ."

"ಅಂಥವನೊಬ್ಬ ಸಿಕ್ಕಿದ್ರೆ ನಮ್ಮಿಬ್ಬರನ್ನ ಯಾಕೆ ಕರೀತಿದ್ರಿ ಫಾದರ್?" ಎಂದಿದ್ದರು ಭಾವ.

ಅಕ್ಕನ ಮನೆಯಲ್ಲಿ ಅಡುಗೆಮನೆಯ ಮೇಜಿನ ಮುಂದೆ ಕೂತು ಇಬ್ಬರೂ ಅಭ್ಯಾಸ ಮಾಡುತ್ತಿದ್ದರು. ಭಾವನಿಗೆ ಆ ಕೊನೆಯ ಪದ ಹಿಡಿಸಿರಲಿಲ್ಲ. "ಪಾಚಿ ಅಂದ್ರೆ ನನ್ನ ಕಸುಬಿಗೇ ಶತ್ರು. ಸತ್ತೋರ ಮೇಲೆ ಪಾಚಿ ಬೆಳೀಲಿ ಅಂತ ಹಾಡೋದಾ?"

ತೊಟ್ಟಿಲು ತೂಗುತ್ತಿದ್ದ ಅಕ್ಕ ಹೇಳಿದಳು: "ಮಗೂಗೆ 'ಪಾಚ್ಕೋ ಕಂದ' ಅನ್ನಲ್ವಾ? ಹಂಗೆ ಅಂದ್ಕೊಂಡು ಹಾಡ್ರಿ. ಸ್ವಲ್ಪ ಮೆಲ್ಲಗೆ, ಅದು ಈಗ ತಾನೇ ಕಣ್ಣು ಮುಚ್ಚಿದೆ."

ಸರದಿಗೆ ಒಂದು ಸನ್ನೆ ಮಾಡಿಕೊಂಡಿದ್ದರು. ಭಾವ ಮೊಣಕೈ ತಾಗಿಸಿದರೆ, ನಾನು ಹಿಡಿದಿದ್ದೇನೆ, ನೀನು ಉಸಿರು ತಗೋ ಎಂದು ಅರ್ಥ. ಭಾವ ನಿಲ್ಲುತ್ತಿದ್ದುದು ಅವನ ಎಡಕ್ಕೆ. ಎಂಜಿನ್ನಿನ ಪಕ್ಕ ಕೂತು ಕೂತು ಡ್ರೈವರನ ಎಡಗಿವಿ ಮಂದವಾಗಿತ್ತು. ಆದ್ದರಿಂದ ಅವನಿಗೆ ಬೇಕಾದದ್ದು ಭಾವನ ದನಿಯಲ್ಲ, ಮೊಣಕೈ.

ಒಮ್ಮೆ ಯಾರದೋ ಮನೆಯಲ್ಲಿ ಉಳಿದ ಹಸಿರು ಬಣ್ಣವನ್ನು ಭಾವ ತಂದು, ಹೇಳದೆ ಕೇಳದೆ ಡ್ರೈವರನ ಮನೆಯ ಮುಂಬಾಗಿಲಿಗೆ ಬಳಿದುಹೋದರು. ಡಿಪೋದವರು ಅವನ ಮನೆಯನ್ನು ಔಷಧಿ ಅಂಗಡಿ ಎನ್ನತೊಡಗಿದರು. ಭಾವ ಮೈದುನರ ಮಾತು ನಿಂತಿತು. ಎದುರು ಸಿಕ್ಕರೆ ಒಬ್ಬರು ಆ ಬದಿ, ಒಬ್ಬರು ಈ ಬದಿ. ಆದರೆ ಆ ದಿನಗಳಲ್ಲೂ ಯಾರಾದರೂ ಸತ್ತರೆ ಇಬ್ಬರೂ ಅಟ್ಟ ಹತ್ತುತ್ತಿದ್ದರು. ಮಾತಿರಲಿಲ್ಲ, ಮೊಣಕೈ ಮಾತ್ರ ಅದರ ಸಮಯಕ್ಕೆ ಬರುತ್ತಿತ್ತು.

* * *

ಮರುದಿನ ಬೆಳಿಗ್ಗೆ ಚರ್ಚಿನ ಅಟ್ಟದಲ್ಲಿ ಗಾಯಕರೆಲ್ಲ ಸೇರಿದರು. ಎಲ್ಲರೂ ಎಂದರೆ ಆರ್ಗನ್ ನುಡಿಸುವ ಟೀಚರಮ್ಮ, ಅವರ ತಂಗಿ, ಮತ್ತು ಗಂಡು ಮೇಲ್ದನಿಯ ಕಂಪೌಂಡರ್.

ಟೀಚರಮ್ಮ ಡ್ರೈವರನನ್ನು ಪಕ್ಕಕ್ಕೆ ಕರೆದರು. "ನೋಡಿ, ಆ 'ಪಾ' ಬಂದಾಗ ನಾನು ಆರ್ಗನ್ನಿನ ಕೀ ಒಂದನ್ನ ಒತ್ತಿ ಹಿಡೀತೀನಿ. ಮೆಲ್ಲಗೆ. ಯಾರಿಗೂ ಗೊತ್ತಾಗಲ್ಲ."

"ನಿಮಗೆ ಮೊದಲೇ ಗೊತ್ತಿತ್ತಾ? ಭಾವ ಹಾಡ್ತಿರಲಿಲ್ಲ ಅಂತ?"

ಟೀಚರಮ್ಮ ಕನ್ನಡಕ ಒರೆಸಿಕೊಂಡರು. ಉತ್ತರ ಕೊಟ್ಟವನು ಕಂಪೌಂಡರ್.

"ನಮಗೆ ಕಿವಿ ಇದೆಯಲ್ಲಪ್ಪ. ಭಾವ ಮೈದುನರ ಮಧ್ಯೆ ನಾವ್ಯಾಕೆ ಬರೋಣ ಅಂತ ಸುಮ್ಮನಿದ್ವಿ."

ಡ್ರೈವರಿಗೆ ನಾಚಿಕೆಗಿಂತ ಹೆಚ್ಚಾಗಿ ಸಿಟ್ಟು ಬಂತು. ಸತ್ತವರ ಮೇಲೆ ಸಿಟ್ಟು ಮಾಡುವುದು ತಪ್ಪೆಂದು ಅವನಿಗೆ ಗೊತ್ತಿತ್ತು. "ಆರ್ಗನ್ ಬೇಡ," ಎಂದ. "ಇಷ್ಟು ದಿನ ಒಬ್ಬನೇ ಹಾಡಿದೀನಂತೆ. ಇವತ್ತೂ ಹಾಡ್ತೀನಿ."

ಕೆಳಗೆ ಜನ ಬರುತ್ತಲೇ ಇದ್ದರು. ಬೇರೆ ಸಾವುಗಳಿಗೆ ಮುಂದಿನ ಕೆಲವು ಬೆಂಚುಗಳಷ್ಟೇ ತುಂಬುತ್ತಿದ್ದವು. ಇಂದು ಬೆಂಚುಗಳು ತುಂಬಿ, ಗೋಡೆಯ ಪಕ್ಕ ತುಂಬಿ, ಅಟ್ಟದ ಮೆಟ್ಟಿಲಿನ ಮೇಲೂ ಜನ ನಿಂತರು. ಅವರ ಮಾತು ಮೇಲಕ್ಕೆ ಕೇಳುತ್ತಿತ್ತು.

"ನಮ್ಮ ಮನೆಗೆ ಎರಡು ಸಲ ಬಳಿದಿದ್ರು. 'ಸೋಮವಾರ ಬರ್ತೀನಿ' ಅಂದ್ರೆ ಯಾವ ಸೋಮವಾರ ಅಂತ ಕೇಳ್ಕೋಬೇಕಿತ್ತು."

"ಬಂದ್ಮೇಲೆ ಮಾತ್ರ ಅವರ ಕೈ ನೋಡ್ಬೇಕು. ನಮ್ಮಮ್ಮ ಹಾಸಿಗೆ ಹಿಡಿದಿದ್ದಾಗ ಅವರ ಕೋಣೆ ಬಳಿಯೋಕೆ ಬಂದು, ವಾಸನೆ ಹೊಡೀಬಾರ್ದು ಅಂತ ದಿನಕ್ಕೊಂದೇ ಗೋಡೆ ಬಳಿದ್ರು."

"ನಮ್ಮ ಮನೆ ಗೇಟಿಗೂ ಉಳಿದ ಬಣ್ಣ ಬಳಿದಿದ್ರು. ಕೇಳಲೇ ಇಲ್ಲ."

"ಯಾವ ಬಣ್ಣ?"

"ಹಸಿರು."

ಮೆಟ್ಟಿಲಿನ ಮೇಲೆ ಯಾರೋ ನಕ್ಕು, ಕೆಮ್ಮಿ ಸುಮ್ಮನಾದರು.

ಪೆಟ್ಟಿಗೆ ಬಂತು. ಪೂಜೆ ನಡೆಯಿತು. ಹೊಸ ಫಾದರ್ ಚಿಕ್ಕ ವಯಸ್ಸಿನವರು. ಅವರು ಈ ಊರಿಗೆ ಬಂದ ಮೇಲೆ ಇದೇ ಮೊದಲ ಸಾವು, ಆ ಹಾಡನ್ನು ಕೇಳಿರಲಿಲ್ಲ. ಕೊನೆಗೆ ಅವರು ಅಟ್ಟದ ಕಡೆ ನೋಡಿ ತಲೆಯಾಡಿಸಿದರು. ಟೀಚರಮ್ಮ ಸ್ವರ ಕೊಟ್ಟು ಕೈ ತೆಗೆದರು.

ಹಾಡು ಚೆನ್ನಾಗಿಯೇ ಸಾಗಿತು. ಟೀಚರಮ್ಮನ ತಂಗಿ ಮೊದಲು ನಿಂತಳು, ಆಮೇಲೆ ಟೀಚರಮ್ಮ, ಆಮೇಲೆ ಕಂಪೌಂಡರ್. ಡ್ರೈವರ್ ಉಳಿದ. 'ಇನ್' ಎಂದ. 'ಪಾ' ಎಂದು ಹಿಡಿದ.

ಎದೆ ಬರಿದಾಗುತ್ತ ಬಂತು. ಎಡಮೊಣಕೈ ತನ್ನಷ್ಟಕ್ಕೆ ಕಾಯುತ್ತಿತ್ತು. ಏನೂ ತಾಗಲಿಲ್ಲ. ಇನ್ನೊಂದಿಷ್ಟು ಹಿಡಿದ, ಆಮೇಲೆ ನೀರಿನಿಂದ ತಲೆ ಎತ್ತಿದವನ ಹಾಗೆ ಬಾಯಿ ತೆರೆದು ಉಸಿರೆಳೆದ. ಚಾವಣಿ ಹಿಡಿದುಕೊಳ್ಳಲಿಲ್ಲ. ಕೆಳಗೆ ಭುಜಕ್ಕೆ ಭುಜ ತಾಗಿ ನಿಂತ ಜನ, ಅವರ ಬಟ್ಟೆಬರೆ, ಅಷ್ಟೂ ದನಿಯನ್ನು ಕುಡಿದುಬಿಟ್ಟಿದ್ದವು. ಪದದ ನಡುವೆ, ಎಲ್ಲರಿಗೂ ಕೇಳುವ ಹಾಗೆ, ಒಂದು ತೆರಪು ಬಿತ್ತು.

ಹಾಡು ಮುಗಿಯಿತೆಂದುಕೊಂಡು ಫಾದರ್ ಕೈಗಳನ್ನು ಅಗಲಿಸಿ, "ಪ್ರಾರ್ಥಿ..." ಎಂದರು.

ಮುಂದಿನ ಬೆಂಚಿನಲ್ಲಿ ಕೂತಿದ್ದ ಅಕ್ಕ ಏಳಲಿಲ್ಲ, ತಿರುಗಿ ಅಟ್ಟದ ಕಡೆ ನೋಡಲೂ ಇಲ್ಲ. ಬಸ್ಸಿಗೆ ಕೈ ಅಡ್ಡ ಹಿಡಿಯುವವರ ಹಾಗೆ ಬಲಗೈಯನ್ನು ಎತ್ತಿ ಹಿಡಿದಳು. ಪಕ್ಕದಲ್ಲಿದ್ದ ಮಗಳು ಸೆರಗು ಜಗ್ಗಿದಳು. ಕೈ ಇಳಿಯಲಿಲ್ಲ. ಫಾದರ್ ಅಗಲಿಸಿದ ಕೈಗಳೊಂದಿಗೆ ಹಾಗೇ ನಿಂತರು.

ಡ್ರೈವರ್ ಉಸಿರನ್ನು ಪೂರ್ತಿ ತುಂಬಿಕೊಂಡ. ಅವಸರ ಮಾಡಲಿಲ್ಲ. ಬಿಟ್ಟ ಸ್ವರವನ್ನೇ, ಸ್ವಲ್ಪ ಒರಟಾಗಿ, ಮತ್ತೆ ಹಿಡಿದು ಇರುವಷ್ಟು ಹೊತ್ತು ಇರಿಸಿ, 'ಚೆ' ಎಂದು ಮುಗಿಸಿದ.

ಆಗ ಅವಳ ಕೈ ಕೆಳಗೆ ಬಂತು. ಫಾದರ್ ಬಾಯಿ ತೆರೆಯುವ ಮೊದಲೇ, "ಆಮೆನ್," ಎಂದಳು.