ಮನೆ ಸಾಲು

"ಲೇ ಗುಂಡಾ, ಕೈ ತಗಿಯಲಾ ಬೋಳಿಮಗನೆ! ಅದು ಮನೆ ಸಾಲು."

ಈಶ್ವರಯ್ಯ ಕೂಗಿದ ಕೂಡಲೇ ಕೂಲಿಯಾಳು ಗುಂಡಯ್ಯ ಕಿತ್ತಿದ್ದ ನಾಲ್ಕು ಬೀನ್ಸ್ ಕಾಯಿಗಳನ್ನು ಅಲ್ಲೇ ನೆಲಕ್ಕೆ ಹಾಕಿದ. ಈಶ್ವರಯ್ಯನ ಒಂದೂವರೆ ಎಕರೆ ಹೊಲದಲ್ಲಿ ಬಾವಿಯ ಪಕ್ಕದ ನಾಲ್ಕು ಸಾಲಿಗೆ ಔಷಧಿ ಹೊಡೆಯುವಂತಿಲ್ಲ. ಹುಳ ಬಿದ್ದರೆ ಬೂದಿ ಎರಚುತ್ತಾರೆ, ಅಷ್ಟೇ. ಅದು ಈಶ್ವರಯ್ಯನ ಮನೆಯವರ ಊಟಕ್ಕೆ. ಉಳಿದದ್ದು ಹಾಸನದ ಮಾರ್ಕೆಟ್ಟಿಗೆ. ಆ ಊರಿನಲ್ಲಿ ಹೊಲ ಇದ್ದವರೆಲ್ಲ ಹೀಗೆ ಒಂದೆರಡು ಸಾಲು ಬೇರೆ ಬಿಟ್ಟುಕೊಳ್ಳುತ್ತಿದ್ದರು.

"ಇದಕ್ಕೆ ಒಡ್ದಿಲ್ವಲ್ಲ ಬುದ್ದಿ. ಮನೇಲಿ ಮಗ್ಳವ್ಳೆ, ಒಂದಿಡಿ..."

"ಅಲ್ಲಿ ಎಕ್ರೆಗಟ್ಲೆ ಬಿದ್ದದಲ್ಲ, ತಗಂಡೋಗು. ನಿಂಗೂ ಮನೆ ಸಾಲೇ ಆಗ್ಬೇಕೇನ್ಲಾ? ನಾಲ್ಗೆ ನೋಡು ಇವುಂದು!"

ಆ ಎಕರೆಗೆ ಹಿಂದಿನ ಸಂಜೆಯಷ್ಟೇ ಗುಂಡಯ್ಯ ಔಷಧಿ ಹೊಡೆದಿದ್ದ. ಬೆನ್ನ ಮೇಲೆ ಹನ್ನೆರಡು ಕ್ಯಾನು, ಬಾಯಿಗೆ ಒಂದು ಟವೆಲ್ಲು. ರಾತ್ರಿ ಎರಡು ಸಲ ವಾಂತಿಯಾಗಿತ್ತು. ಹೊಡೆದ ಮೇಲೆ ಹತ್ತು ದಿನ ಕಾಯಿ ಕೀಳಬಾರದು ಎಂದು ಅಂಗಡಿಯವನು ಬಾಟಲಿ ಕೊಡುವಾಗಲೇ ಹೇಳಿದ್ದ.

ಬೆಳಿಗ್ಗೆ ಎಂಟು ಗಂಟೆಯೊಳಗೆ ಎರಡು ಚೀಲ ತುಂಬಿತು. ಅವು ಮಾರ್ಕೆಟ್ಟಿಗೆ ಹೋಗಲಿಲ್ಲ.

"ಇಸ್ಕೂಲ್ ತಾವ ಇಳ್ಸು. ಇವತ್ತು ನಂದೇ ದಾನ," ಎಂದ ಈಶ್ವರಯ್ಯ ಆಟೋದವನಿಗೆ.

"ಬುದ್ದಿ, ನೆನ್ನೆ ಒಡ್ದಿರೋದು. ಮಕ್ಳು ತಿನ್ನೋದು ಅದು."

"ನಿನ್ ಎಂಡ್ರು ತೊಳ್ದು ಬೇಯಿಸ್ತಾಳೆ. ಬಾಯ್ ಮುಚ್ಕಂಡು ಆ ಚೀಲ ಎತ್ತು."

ಗುಂಡಯ್ಯನ ಹೆಂಡತಿ ನಾಗಲಕ್ಷ್ಮಿ ಶಾಲೆಯ ಬಿಸಿಯೂಟದ ಅಡುಗೆಯವಳು. ಆಟೋದ ಹಿಂದೆಯೇ ಓಡಿಬಂದ ಗಂಡ ಹೇಳಿದ್ದನ್ನು ಕೇಳಿ ಅವಳು ನೇರ ಹೆಡ್‌ಮಾಸ್ಟರ್ ಶಶಿಕಿರಣ್ ಹತ್ತಿರ ಹೋದಳು. ಅವರು ಕುರ್ಚಿಯ ಮೇಲೆ ನಿಂತು ವಿಶ್ವ ಆಹಾರ ದಿನದ ಬ್ಯಾನರ್ ಕಟ್ಟುತ್ತಿದ್ದರು.

"ಸಾ, ಈ ಕಾಯಿ ಬ್ಯಾಡ. ನೆನ್ನೆ ಔಸ್ದಿ ಒಡ್ದವ್ರೆ. ಒಡ್ದೋರು ನಮ್ಮನೆಯೋರೇ."

"ಮೆಲ್ಲಗೆ ಮಾತಾಡಮ್ಮ. ದಾನಿಗಳಿಗೆ ಶಾಲು ತರಿಸಿದೀನಿ. ಉಪ್ಪುನೀರಲ್ಲಿ ತೊಳಿ, ಹೋಗುತ್ತೆ."

"ಮ್ಯಾಲಿಂದು ಓದಾತು ಸಾ. ಗಿಡ ಕುಡ್ದಿರೋದು ಎಂಗೋದಾತು?"

"ನೀನೇನು ಸೈಂಟಿಸ್ಟಾ? ಬೇರೆಯವರನ್ನ ಅಡುಗೆಗೆ ತಗೊಳೋಕೆ ಸಮಿತಿಯ ಒಂದು ಮೀಟಿಂಗ್ ಸಾಕು. ಅಧ್ಯಕ್ಷರು ಯಾರು ಅಂತ ಗೊತ್ತಲ್ಲ?"

ಶಾಲಾ ಸಮಿತಿಯ ಅಧ್ಯಕ್ಷ ಈಶ್ವರಯ್ಯನ ತಮ್ಮನ ಮಗ.

ನಾಗಲಕ್ಷ್ಮಿ ಕಾಯಿಯನ್ನು ನಾಲ್ಕು ನೀರಿನಲ್ಲಿ ತೊಳೆದಳು. ಸಾರು ಕುದಿಯುವಾಗ ಜೊತೆಯಲ್ಲಿ ಅಡುಗೆ ಮಾಡುವ ಬೆಟ್ಟಮ್ಮ, "ಬೆಂದ್ಮೇಕೆ ಏನಾಯ್ತದೆ ಬುಡವ್ವ, ನಾವು ತಿಂದ್ಕಂಡು ಬದ್ಕಿಲ್ವಾ?" ಎಂದಳು. ನಾಗಲಕ್ಷ್ಮಿಯ ಮಗಳು ಮಾನ್ಯ ಓದುತ್ತಿದ್ದುದೂ ಅಲ್ಲೇ, ಮೂರನೇ ತರಗತಿ.

ತಾಲ್ಲೂಕಿನಿಂದ ಬಂದ ಅಧಿಕಾರಿ ಇಪ್ಪತ್ತು ನಿಮಿಷ ಭಾಷಣ ಓದಿದರು. ಜಗತ್ತಿನ ಆಹಾರ ವ್ಯವಸ್ಥೆಯೇ ಬದಲಾಗಬೇಕು, ಜನರ ಆರೋಗ್ಯ ತಟ್ಟೆಯಿಂದ ಶುರುವಾಗುತ್ತದೆ ಎಂದರು. ಈಶ್ವರಯ್ಯನಿಗೆ ಶಾಲು ಹೊದಿಸಿದರು. ಅರವತ್ತೆರಡು ಮಕ್ಕಳು ಚಪ್ಪಾಳೆ ತಟ್ಟಿದರು.

ಮಕ್ಕಳಿಗೆ ಬಡಿಸುವ ಮೊದಲು ದೊಡ್ಡವರು ರುಚಿ ನೋಡಿ ಪುಸ್ತಕದಲ್ಲಿ ಸಹಿ ಮಾಡಬೇಕು. ಇದು ನಿಯಮ.

"ಇವತ್ತು ಮೊದಲ ತುತ್ತು ದಾನಿಗಳದ್ದು," ಎಂದರು ಶಶಿಕಿರಣ್.

ನಾಗಲಕ್ಷ್ಮಿ ಅನ್ನ, ಬೀನ್ಸ್ ಸಾರು ಹಾಕಿದ ತಟ್ಟೆಯನ್ನು ಈಶ್ವರಯ್ಯನ ಮುಂದೆ ಇಟ್ಟಳು.

"ನಂದು ಇವತ್ತು ಉಪಾಸ."

"ಬೆಳಿಗ್ಗೆ ಬಾವಿ ತಾವ ನಾಕು ರೊಟ್ಟಿ ತಿಂದ್ರಂತಲ್ಲ ಯಜಮಾನ್ರೇ?" ಎಂದಳು ನಾಗಲಕ್ಷ್ಮಿ.

ಹಿಂದಿನಿಂದ ಯಾರೋ ಕಿಸಕ್ಕೆಂದರು. ಅಧಿಕಾರಿ ಹೆಡ್‌ಮಾಸ್ಟರ್ ಕಡೆ ಬಾಗಿ, "ಜಾತಿ ವಿಷಯವೇನ್ರೀ? ನನ್ನ ಮುಂದೆ ಬೇಡ, ಕೇಸಾಗುತ್ತೆ," ಎಂದರು. ಅದು ಅವಳಿಗೂ ಕೇಳಿಸಿತು.

"ಜಾತಿ ಅಲ್ಲ ಸಾ. ಅದಾಗಿದ್ರೆ ನಂಗೆ ರೂಢಿ ಐತೆ. ಇದು ಔಸ್ದಿ. ಅವ್ರು ತಿನ್ನೋ ಸಾಲೇ ಬ್ಯಾರೆ."

"ಏಯ್, ಎಕ್ಕಡದ ಸಮ ಇಲ್ದೋಳೆ!" ಈಶ್ವರಯ್ಯ ತಟ್ಟೆಯನ್ನು ಆಚೆ ತಳ್ಳಿದ. "ಮೇಷ್ಟ್ರೇ, ನಾಳೆಯಿಂದ ಇವ್ಳು ಈ ಬಾಗ್ಲು ಮೆಟ್ಟಂಗಿಲ್ಲ."

"ಬಡಿಸಮ್ಮ, ಹೊತ್ತಾಯ್ತು," ಎಂದರು ಶಶಿಕಿರಣ್, ಅವಳ ಮುಖ ನೋಡದೆ.

ಅಂಗಳದಲ್ಲಿ ಮಕ್ಕಳು ತಟ್ಟೆ ಹಿಡಿದು ಕೂತಿದ್ದರು. ನಾಗಲಕ್ಷ್ಮಿ ಅಡುಗೆಮನೆಗೆ ಹೋಗಿ ಕೈಗೆ ಸೆರಗು ಸುತ್ತಿಕೊಂಡು ಸಾರಿನ ಪಾತ್ರೆಯ ಒಂದು ಕಿವಿ ಹಿಡಿದಳು.

"ಆ ಕಡೆ ಇಡ್ಕೊ ಅಕ್ಕ. ಅನ್ನ ಐತೆ, ಮೊಟ್ಟೆ ಐತೆ. ಮಕ್ಳು ಅಷ್ಟೇ ತಿನ್ಲಿ."

"ಕೆಲ್ಸ ಓಯ್ತದೆ ಕಣೇ."

"ನಂದು ಆಗ್ಲೇ ಓಯ್ತು."

ಬೆಟ್ಟಮ್ಮ ಅಂಗಳದ ಮಕ್ಕಳ ಕಡೆ ನೋಡಿದಳು. ಆಮೇಲೆ ತಾನೂ ಸೆರಗನ್ನು ಕೈಗೆ ಸುತ್ತಿಕೊಂಡು ಇನ್ನೊಂದು ಕಿವಿ ಹಿಡಿದಳು. ಇಬ್ಬರೂ ಬಿಸಿ ಪಾತ್ರೆಯನ್ನು ಎತ್ತಿಕೊಂಡು ಮಕ್ಕಳ ಪಕ್ಕದಲ್ಲೇ ಹಾದು, ಶಾಲೆಯ ಬೇಲಿಯ ಹತ್ತಿರ ಹೋಗಿ ಓರೆ ಮಾಡಿದರು.

"ಅಲ್ ಸುರೀಬ್ಯಾಡ್ರೇ!" ಈಶ್ವರಯ್ಯ ಎದ್ದು ನಿಂತು ಕೂಗಿದ. ಶಾಲು ಜಾರಿ ಬಿತ್ತು. "ಕರ ಆಕಿರೋ ಹಸ ಕಟ್ಟಿವ್ನಿ ಅಲ್ಲಿ! ನೆಕ್ಬುಡ್ತದೆ!"

ಸಹಿ ಹಾಕಲು ಪುಸ್ತಕ ತೆರೆದಿದ್ದ ಅಧಿಕಾರಿ ತಲೆ ಎತ್ತಿದರು.

ಬೇಲಿಯಾಚೆ ಹಸು ಹಗ್ಗ ಜಗ್ಗಿ ಮೂತಿ ಚಾಚಿತು. ಸಾರು ಪಾತ್ರೆಯ ಅಂಚಿಗೆ ಬಂದು ನಿಂತಿತ್ತು. ಸೆರಗು ಸುತ್ತಿದ್ದರೂ ಹೆಂಗಸರ ಕೈ ಸುಡುತ್ತಿತ್ತು. ಇಬ್ಬರೂ ಅಲುಗಾಡದೆ ಈಶ್ವರಯ್ಯನನ್ನೇ ನೋಡುತ್ತ ನಿಂತಿದ್ದರು.